ಯಾರ ಮನೆ ಅದು?

ನನ್ನ ತಂಗಿಯ ಮೊಮ್ಮಗಳು ಸಿನೆಮಾಕ್ಕೆ ತುಳು ಮಾತು ಕೂರಿಸುವ ಕೆಲಸಕ್ಕೆ ಸೇರಿದ್ದಾಳೆ. ಬೇರೆ ಭಾಷೆಯ ಪಿಚ್ಚರಿನಲ್ಲಿ ಹೆಂಗಸು ಬಾಯಿ ತೆರೆದಾಗ ಇವಳು ಮಂಗಳೂರಿನ ಒಂದು ಕೋಣೆಯಲ್ಲಿ ಕೂತು ತುಳುವಿನಲ್ಲಿ ಮಾತಾಡಬೇಕು. "ಇದು ಹೊಸ ನಮೂನೆಯ ಕೆಲಸ ಅಜ್ಜಿ, ನಿಮಗೆ ಗೊತ್ತಾಗ್ಲಿಕ್ಕಿಲ್ಲ" ಎಂದಳು. ಹೊಸತಂತೆ! ನಾನು ಇದೇ ಕೆಲಸ ಮಾಡಿ ಹೊಟ್ಟೆ ಹೊರೆದವಳು. ಕೋಣೆಯ ಬದಲು ಟೆಂಟು, ಯಂತ್ರದ ಬದಲು ನನ್ನ ಗಂಟಲು, ಅಷ್ಟೇ ವ್ಯತ್ಯಾಸ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ಒತ್ತಕ್ಷರ ತಪ್ಪಿದ್ದರೆ ತಿದ್ದಲಿ, ಮಾತು ತಿದ್ದುವುದು ಬೇಡ.

ನಮ್ಮ ಧಣಿಗಳದ್ದು ಊರೂರು ತಿರುಗುವ ಟೆಂಟು ಟಾಕೀಸು. ಮಳೆ ಬಿಟ್ಟು ಗದ್ದೆ ಒಣಗಿದ ಮೇಲೆ ಬಂಟ್ವಾಳದಲ್ಲಿ ಟೆಂಟು ಏಳುತ್ತಿತ್ತು. ಅಲ್ಲಿ ಜನ ಕಡಿಮೆಯಾದರೆ ಬೆಳ್ತಂಗಡಿ, ಅಲ್ಲಿಂದ ಮೂಡಬಿದ್ರೆ. ಮುಂದಿನ ಮಳೆಗೆ ಎಲ್ಲ ಬಿಚ್ಚಿ ಕಟ್ಟಿ ಇಡುವುದು. ಟೆಂಟಿನ ಒಳಗೆ ನಡುವಿನಲ್ಲಿ ಬಿದಿರಿನ ತಟ್ಟಿ. ಆಚೆ ಗಂಡಸರು, ಈಚೆ ಹೆಂಗಸರು. ಹೆಂಗಸರ ಬದಿಯ ಗೇಟಿಗೆ ಒಬ್ಬ ಹೆಂಗಸು ಬೇಕಿತ್ತು. ನಾನು ಬೊಂಬಾಯಿಯಲ್ಲಿ ಹೋಟೆಲಿನವರೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಕೆಲವು ವರ್ಷ ಇದ್ದು ವಾಪಸು ಬಂದಿದ್ದೆ. ನನಗೆ ಹಿಂದಿ ಬರುತ್ತಿತ್ತು, ಗಂಡಸರ ಎದುರು ಮಾತೂ ಬರುತ್ತಿತ್ತು. ಧಣಿಗಳಿಗೆ ಬೇಕಾಗಿದ್ದದ್ದು ಎರಡನೆಯದು.

"ಒಬ್ಬ ಗಂಡಸೂ ಈ ಬದಿಗೆ ದಾಟಬಾರದು ಸೇಸಮ್ಮ. ಆಗ್ತದಾ?"

"ನೀವು ಬಂದ್ರೂ ಬಿಡುವುದಿಲ್ಲ ಧಣಿ."

ಅವರು ನಕ್ಕರು. ಅವತ್ತಿನಿಂದಲೇ ಕೆಲಸ.

ಮೊದಲ ವಾರ ಬಂದದ್ದು ಹಿಂದಿ ಪಿಚ್ಚರು. ಹೆಂಗಸರು ನೆಲದ ಹೊಯಿಗೆಯ, ಅಂದರೆ ಮರಳಿನ, ಮೇಲೆ ಕೂತು ಕಣ್ಣು ಬಿಟ್ಟು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬಳು ನನ್ನ ಸೆರಗು ಎಳೆದು, "ಅವಳು ಎಂತ ಹೇಳಿದ್ದು?" ಎಂದಳು. ಹೇಳಿದೆ. ಅವಳ ಹಿಂದಿನವಳು, "ನಮಗೂ ಹೇಳು ಮಾರಾಯ್ತಿ, ನಾವೆಂತ ಪುಕ್ಕಟೆ ಬಂದದ್ದಾ?" ಎಂದಳು. ಕಡೆಗೆ ನಡುಕಂಬಕ್ಕೆ ಬೆನ್ನು ಕೊಟ್ಟು ನಿಂತು ಎಲ್ಲರಿಗೂ ಕೇಳುವ ಹಾಗೆ ತುಳುವಿನಲ್ಲಿ ಹೇಳತೊಡಗಿದೆ. ಮರುದಿನ ಹೆಂಗಸರ ಬದಿ ತುಂಬಿತು. ಧಣಿಗಳು ಬೆಳಗ್ಗೆ ಬಂದು, "ಗೇಟು ಹಾಕಿದ ಮೇಲೆ ನಿನಗೆ ಬೇರೆ ಕೆಲಸವೂ ಉಂಟು ಅಂತ ಕೇಳಿದೆ. ಮಾಡು" ಎಂದರು. ನಾವು ಮಾತಾಡುತ್ತಿದ್ದದ್ದೆಲ್ಲ ತುಳುವಿನಲ್ಲಿ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೆಲಸ ಕಷ್ಟದ್ದಲ್ಲ. ಯಾಕೆಂದರೆ ಪಿಚ್ಚರಿನಲ್ಲಿ ಹೆಂಗಸರು ಬಗೆಬಗೆಯವರು ಇರುತ್ತಿರಲಿಲ್ಲ. ಒಬ್ಬಳು ಅಳುವವಳು: ತಲೆಯ ಮೇಲೆ ಸೆರಗು, ದೇವರ ಪಟದ ಎದುರು ಹಾಡು. ಒಬ್ಬಳು ಕುಣಿಯುವವಳು: ತೋಳಿಲ್ಲದ ರವಿಕೆ, ಕೈಯಲ್ಲಿ ಗ್ಲಾಸು. ಮತ್ತೊಬ್ಬಳು ಅತ್ತೆ. ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಬೈಯುವುದು ಬಿಟ್ಟರೆ ಅವಳಿಗೆ ಪಾಪ ಬೇರೆ ಕೆಲಸವೇ ಕೊಡುತ್ತಿರಲಿಲ್ಲ. ಕೆಮ್ಮಿದವಳು ಸಾಯುತ್ತಾಳೆ. ಕಾಲೇಜಿಗೆ ಹೋದವಳಿಗೆ ಕೊಬ್ಬು ಇರುತ್ತದೆ, ಅದು ಇಳಿದ ಮೇಲೆ ಮದುವೆಯಾಗುತ್ತದೆ. ಕುಣಿಯುವವಳು ಒಳ್ಳೆಯವಳಾಗಿದ್ದರೆ ಹೀರೋನಿಗೆ ಬರುವ ಗುಂಡಿಗೆ ಅಡ್ಡ ನಿಂತು ಅವನ ತೊಡೆಯ ಮೇಲೆ ಸಾಯುತ್ತಾಳೆ. ಹೆಂಗಸು ಪರದೆಗೆ ಬಂದ ಕೂಡಲೇ ಅವಳ ಗತಿ ಏನೆಂದು ನನ್ನ ಬದಿಯವರು ಹೇಳಿಬಿಡುತ್ತಿದ್ದರು. ಒಮ್ಮೆ ಒಬ್ಬಳು ಬರೀ ಗಂಟಲು ಸರಿ ಮಾಡಿಕೊಂಡದ್ದಕ್ಕೆ ಇಡೀ ಹೆಂಗಸರ ಬದಿ "ಅಯ್ಯೋ, ಹೋದಳು" ಎಂದಿತು. ನಿಜವಾಗಿ ಅವಳು ಹಾಡಲು ತಯಾರಾದದ್ದು.

ನನ್ನ ಎದುರು ಹೊಯಿಗೆಯಲ್ಲಿ ಕೂತವರು ಬೀಡಿ ಕಟ್ಟುವವರು, ಗದ್ದೆಯಲ್ಲಿ ನೇಜಿ ನೆಡುವವರು, ಮೀನು ಮಾರುವವರು, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವರು. ಅಂಥವಳು ಒಬ್ಬಳಾದರೂ ಪರದೆಯ ಮೇಲೆ ಬಂದದ್ದು ನಾನು ನೋಡಿಲ್ಲ. ನಮ್ಮವರಿಗೆ ಅಳುವವಳಿಗಿಂತ ಕುಣಿಯುವವಳ ಮೇಲೆ ಹೆಚ್ಚು ಪ್ರೀತಿ. "ಇವಳಾದ್ರೂ ದುಡಿದು ತಿಂತಾಳೆ" ಎಂದು ಲೀಲಕ್ಕ ಹೇಳುತ್ತಿದ್ದಳು.

ಈ ಲೀಲಕ್ಕ ಬಂಟ್ವಾಳದ ಹತ್ತಿರದ ನರಿಕೊಂಬಿನವಳು, ನನ್ನದೇ ಪ್ರಾಯ. ಬೀಡಿ ಕಟ್ಟಿ ಬದುಕು. ಬಂಟ್ವಾಳದಲ್ಲಿ ಟೆಂಟು ಇದ್ದಾಗ ವಾರಕ್ಕೊಮ್ಮೆ ಬಂದು ನನ್ನ ಕಂಬದ ಬುಡದಲ್ಲೇ ಕೂರುತ್ತಿದ್ದಳು. ಜೊತೆಗೆ ಮಗಳು ವಾರಿಜ, ಆಗ ಶಾಲೆಗೆ ಹೋಗಲು ಶುರು ಮಾಡಿದ ಪ್ರಾಯ. ಲೀಲಕ್ಕ ಕೇಳದ ಪ್ರಶ್ನೆಯಿಲ್ಲ. ವಾರಿಜ ಮಾತ್ರ ನಾನು ಹೇಳುವುದನ್ನು ಕೇಳುತ್ತಲೇ ಇರಲಿಲ್ಲ, ಪರದೆಯನ್ನೇ ನುಂಗುವ ಹಾಗೆ ನೋಡುತ್ತಿದ್ದಳು. ಇಂಟರ್ವಲಿನಲ್ಲಿ ತಾಯಿ ಬೆವರು ಒರೆಸುವ ಬೈರಾಸು ತಲೆಗೆ ಹೊದ್ದು ಅಳುವವಳ ಹಾಗೆ ಮಾಡಿ ತೋರಿಸುವಳು. ಹೇಳಿದ ಕೂಡಲೇ ಕಣ್ಣಿನಲ್ಲಿ ನೀರು ತರುವಳು. ನಾವೆಲ್ಲ ನಕ್ಕು ಕಡಲೆ ಕೊಡಿಸುತ್ತಿದ್ದೆವು.

ತಮಿಳು ಪಿಚ್ಚರು ಬಂದಾಗ ನನಗೆ ದಿಕ್ಕು ಆಪರೇಟರ್ ಮಣಿಯಣ್ಣ. ಅವನು ತಮಿಳಿನವ. ಹಗಲು ಕಥೆ ಕೇಳಿಕೊಂಡು ಸಂಜೆ ಹೇಳುತ್ತಿದ್ದೆ. ಒಮ್ಮೆ ಬೆಳ್ತಂಗಡಿಗೆ ತೆಲುಗು ಪಿಚ್ಚರಿನ ರೀಲಿನ ಪೆಟ್ಟಿಗೆ ಬಂತು. ನನಗೂ ಬಾರದು, ಮಣಿಯಣ್ಣನಿಗೂ ಬಾರದು. "ಕಣ್ಣು ಉಂಟಲ್ಲ, ನೋಡಿ ಹೇಳು" ಎಂದ ಪುಣ್ಯಾತ್ಮ. ನೋಡಿದೆ. ಒಂದು ಹುಡುಗಿ, ಅವಳನ್ನು ಬಹಳ ಅಕ್ಕರೆಯಿಂದ ನೋಡಿಕೊಳ್ಳುವ ಒಬ್ಬ ಹುಡುಗ. ಅಣ್ಣ ಎಂದು ಹೇಳಿದೆ. ಇಂಟರ್ವಲಿನವರೆಗೆ ಹೆಂಗಸರು, "ಎಂಥ ಅಣ್ಣ! ಅಣ್ಣ ಅಂದ್ರೆ ಹೀಗಿರಬೇಕು" ಎಂದು ಕೊಂಡಾಡಿದರು. ಇಂಟರ್ವಲ್ ಆದ ಮೇಲೆ ಅಣ್ಣ ಅವಳ ಸೊಂಟ ಹಿಡಿದು ತೋಟದಲ್ಲಿ ಹಾಡಿದ. ಹೆಂಗಸರ ಬದಿ ಎದ್ದು ನಿಂತಿತು. ಒಬ್ಬಳು ಮಕ್ಕಳ ಕಣ್ಣು ಮುಚ್ಚಿದಳು. "ಕೂತ್ಕೊಳ್ಳಿ, ಕೂತ್ಕೊಳ್ಳಿ, ಅದು ಅಣ್ಣ ಅಲ್ಲ, ಮಾವನ ಮಗ! ನನಗೆ ದೂರದಿಂದ ಕಂಡದ್ದಲ್ವಾ?" ಎಂದು ಬೊಬ್ಬೆ ಹಾಕಿದೆ. ಮಾವನ ಮಗನನ್ನು ಮದುವೆಯಾಗುವುದು ನಮ್ಮಲ್ಲಿ ಇದ್ದದ್ದೇ, ಸಮಾಧಾನವಾಗಿ ಕೂತರು. ಪರದೆಯಲ್ಲಿ ಕಂಡದ್ದನ್ನು ಅವಸರದಲ್ಲಿ ಸಂಬಂಧ ಕಟ್ಟಿ ಹೇಳಬಾರದು, ಮೊಮ್ಮಗಳು ಇದನ್ನು ನೆನಪಿಡಬೇಕು.

ಇನ್ನು ಆ ಪಿಚ್ಚರಿನ ವಿಷಯ. ಅದು ಘಟ್ಟದ ಮೇಲಿನ ಕನ್ನಡದ್ದು. ಅದರ ಪೆಟ್ಟಿಗೆಯ ಜೊತೆ ಕಂಪನಿಯ ಒಬ್ಬ ಮನುಷ್ಯನೂ ಬೆಂಗಳೂರಿನಿಂದ ಬಂದಿದ್ದ. ನಾವು ಅವನಿಗೆ ಪೆಟ್ಟಿಗೆಯವ ಎಂದೇ ಹೆಸರಿಟ್ಟೆವು. ಊರೆಲ್ಲ ಕಾರಿನಲ್ಲಿ ತಿರುಗಿ, "ತಾಯಂದಿರೇ, ಕರವಸ್ತ್ರ ತನ್ನಿ, ಅಳದೆ ಹೋಗುವವರಿಲ್ಲ" ಎಂದು ಸಾರಿದ. ಕಥೆ ಇಷ್ಟೇ. ಅಳುವವಳ ಮೇಲೆ ಗಂಡನಿಗೆ ಸಂಶಯ. ಕೈಯೆತ್ತಿ, "ನನ್ನ ಮನೆಯಿಂದ ಹೊರಗೆ ಹೋಗು" ಎನ್ನುತ್ತಾನೆ. ಅವಳು ಹೋಗುವುದಿಲ್ಲ. ಹೊಸಿಲು ದಾಟಿದರೆ ಪತಿವ್ರತೆಯಲ್ಲ ಎಂದು ಅಂಗಳದ ತುಳಸಿಕಟ್ಟೆಯ ಹತ್ತಿರ ನಿಂತುಬಿಡುತ್ತಾಳೆ. ಬಿಸಿಲಿಗೆ ನಿಲ್ಲುತ್ತಾಳೆ, ಚಳಿಗೆ ನಿಲ್ಲುತ್ತಾಳೆ. ಕಡೆಗೆ ಗಂಡನಿಗೆ ಬುದ್ಧಿ ಬಂದು ಒಳಗೆ ಕರೆಯುತ್ತಾನೆ, ಇವಳು ಅವನ ಕಾಲು ಮುಟ್ಟಿ ಒಳಗೆ ಹೋಗುತ್ತಾಳೆ.

ಹೊರಗೆ ಹಾಕುವ ಜಾಗ ಬಂತು. ತಟ್ಟಿಯ ಆಚೆ ಗಂಡಸರು ಮೂಗು ಸೀಟುವುದು ಕೇಳುತ್ತಿತ್ತು. ನಾನು ತುಳುವಿನಲ್ಲಿ, "ನನ್ನ ಇಲ್ಲ್ ಬಿಟ್ಟು ಹೋಗು ಅಂತ ಹೇಳ್ತಾನೆ" ಎಂದೆ. ತುಳುವಿನಲ್ಲಿ ಮನೆಗೆ ಇಲ್ಲ್ ಎನ್ನುವುದು.

ಲೀಲಕ್ಕ ಕೇಳಿದಳು, "ಯಾರ ಮನೆ ಅದು?"

"ಗಂಡನದ್ದು."

"ಇವಳು ಅಲ್ಲಿ ಯಾಕೆ ಕೂತದ್ದು? ಇವಳಿಗೆ ಅಮ್ಮನ ಇಲ್ಲ್ ಇಲ್ಲವಾ?"

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಂಥವರಲ್ಲಿ ಆಗ ಅಳಿಯಕಟ್ಟು. ಮನೆ ತಾಯಿಯಿಂದ ಮಗಳಿಗೆ. ಗಂಡ ಎಂದರೆ ಸಂಜೆ ಬಂದು ಬೆಳಗ್ಗೆ ಹೋಗುವವನು. ಹೊಂದಿಕೆಯಾಗದಿದ್ದರೆ ಬರುವುದನ್ನು ನಿಲ್ಲಿಸುತ್ತಾನೆ. ಹಾಗೆಂದು ಹೆಂಗಸರದ್ದೇ ರಾಜ್ಯಭಾರ ಇತ್ತು ಎಂದು ಯಾರಾದರೂ ಬರೆದರೆ ನಂಬಬೇಡಿ, ಬೀಗದ ಕೈ ಸೋದರಮಾವನ ಸೊಂಟದಲ್ಲೇ ಇರುತ್ತಿತ್ತು. ಆದರೆ ಗಂಡನೆಂಬವನು ಹೆಂಡತಿಗೆ ಹೊರಗೆ ಹೋಗು ಎನ್ನುವುದು ನಮ್ಮವರು ಕೇಳಿದ ಮಾತಲ್ಲ. ಹೋದರೆ ಅವನೇ ಹೋಗಬೇಕು.

ಲೀಲಕ್ಕನ ಪ್ರಶ್ನೆ ಎಲ್ಲರಿಗೂ ಹಿಡಿಯಿತು. "ಹೌದಲ್ವಾ, ಹೋಗಿ ಬಿಡು ಮಾರಾಯ್ತಿ!" "ಬಸ್ಸಿಗೆ ಹೊತ್ತಾಗ್ತದೆ, ಹೊರಡು!" "ತುಳಸಿಕಟ್ಟೆಗೆ ಯಾಕೆ ಒರಗಿದ್ದು, ಇಲ್ಲ್ ಇಲ್ಲವಾ ನಿನಗೆ? ಇಲ್ಲ್! ಇಲ್ಲ್!" ಎಂದು ಹೆಂಗಸರು ಬೊಬ್ಬೆ ಹೊಡೆದು ನಕ್ಕರು. ನಾನೂ ಕಂಬ ಹಿಡಿದುಕೊಂಡು ನಕ್ಕೆ. ವಾರಿಜ ಒಬ್ಬಳು ನಗಲಿಲ್ಲ. ಸೆರಗಿನ ಹಾಗೆ ಬೈರಾಸು ಹೊದ್ದು ಅಳುತ್ತಿದ್ದಳು.

ಮರುದಿನ ಪೆಟ್ಟಿಗೆಯವನು ಧಣಿಗಳ ಎದುರು ಕುಣಿದ.

"ಏನ್ರೀ ಇದು! ಊರೂರಲ್ಲಿ ಹೆಂಗಸರು ಬಿದ್ದು ಬಿದ್ದು ಅತ್ತಿದ್ದಾರೆ. ನಿಮ್ಮ ಹೆಂಗಸರು ನಗ್ತಾರಲ್ರೀ! ಎಲ್ಲ ಈಯಮ್ಮಂದೇ ಕಿತಾಪತಿ. ಹೀರೋ ಹೊರಗೆ ಹೋಗು ಅಂದ್ರೆ ಈಯಮ್ಮ ಇಲ್ಲ, ಇಲ್ಲ ಅಂತ ಎದುರು ಮಾತಾಡ್ತಾಳೆ. ಅವಳ ಹಿಂದೆ ಎಲ್ಲರೂ ಇಲ್ಲ, ಇಲ್ಲ!"

ಧಣಿಗಳಿಗೆ ನಗು ಬಂದು ಎಲೆ ಅಡಿಕೆ ಗಂಟಲಿಗೆ ಸಿಕ್ಕಿಕೊಂಡಿತು. "ಅದು ಇಲ್ಲ ಅಲ್ಲ ಮಾರಾಯ್ರೆ, ಇಲ್ಲ್. ಮನೆ."

"ಮನೆಗೆ ಇಲ್ಲ ಅಂತೀರಾ?"

"ನಾವು ಉಂಟು ಅಂತ ಹೇಳುವುದು, ನಿಮಗೆ ಇಲ್ಲ ಅಂತ ಕೇಳುವುದು. ಎಂತ ಮಾಡುವ?"

ಪೆಟ್ಟಿಗೆಯವ ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಕಂಪನಿಯ ಪಿಚ್ಚರು ಈ ಟೆಂಟಿಗೆ ಬರುವುದಿಲ್ಲ ಎಂದ. ಅವನು ಹೋದ ಮೇಲೆ ಧಣಿಗಳು ನನ್ನನ್ನು ಕರೆದರು. ನಗು ಪೂರ್ತಿ ಹೋಗಿತ್ತು.

"ಸೇಸಮ್ಮ, ಪಿಚ್ಚರಿಲ್ಲದೆ ಟೆಂಟು ಎಂತಕ್ಕೆ? ಇವತ್ತಿನಿಂದ ಪಿಚ್ಚರಿನಲ್ಲಿ ಇದ್ದದ್ದು ಹೇಳು. ಇಲ್ಲದ್ದು ಒಂದು ಶಬ್ದ ಬರಬಾರದು. ಬಂದ್ರೆ ನಾನು ನಿನ್ನನ್ನು ಇಟ್ಟುಕೊಳ್ಳುವ ಹಾಗಿಲ್ಲ."

ಅವರು ಕೆಟ್ಟವರಲ್ಲ. ಇಷ್ಟು ವರ್ಷದಲ್ಲಿ ನನಗೆ ಜೋರು ಮಾಡಿದ್ದು ಅದೊಂದೇ ಸಲ. ನನಗೂ ಬೇರೆ ದಿಕ್ಕು ಇರಲಿಲ್ಲ. ಸರಿ ಎಂದೆ. ಹಾಗೆಯೇ ನಡೆದೆ. ಸುಳ್ಳು ಹೇಳಲಿಲ್ಲ, ಸೇರಿಸಲೂ ಇಲ್ಲ. ಲೀಲಕ್ಕ ಎಷ್ಟು ಕೆಣಕಿದರೂ, "ಪಿಚ್ಚರಿನಲ್ಲಿ ಹೇಳ್ಲಿಲ್ಲ" ಎಂದು ಬಾಯಿ ಮುಚ್ಚುತ್ತಿದ್ದೆ. "ನಿನ್ನ ನಾಲಗೆ ಧಣಿಗಳು ಪೆಟ್ಟಿಗೆಯಲ್ಲಿ ಹಾಕಿ ಬೆಂಗಳೂರಿಗೆ ಕಳಿಸಿದ್ದಾರಾ?" ಎಂದು ಕೇಳುತ್ತಿದ್ದಳು.

ವರ್ಷ ಕಳೆದ ಹಾಗೆ ಕೆಲಸದ ರೀತಿ ಬದಲಾಯಿತು. ಹಿಂದಿ, ತಮಿಳು ಕಡಿಮೆಯಾಗಿ ಕನ್ನಡ ಪಿಚ್ಚರು ಹೆಚ್ಚಾಯಿತು. ಹುಡುಗಿಯರು ಶಾಲೆಗೆ ಹೋಗಿ ಕನ್ನಡ ಕಲಿತರು. ನಾನು ಬಾಯಿ ತೆರೆದರೆ, "ಸುಮ್ಮನಿರಿ ಅಕ್ಕ, ನಮಗೆ ಗೊತ್ತಾಗ್ತದೆ" ಎನ್ನತೊಡಗಿದರು. ಮುಂದಿನ ಸಾಲಿನ ಮುದುಕಿಯರಿಗೆ ಮಾತ್ರ ಬಗ್ಗಿ ಮೆಲ್ಲ ಹೇಳುತ್ತಿದ್ದೆ. ಒಂದು ವಿಷಯ ನೋಡಿದೆ. ಈ ಹೊಸಬರು ಅಳುವ ಜಾಗದಲ್ಲಿ ಸರಿಯಾಗಿ ಅಳುತ್ತಿದ್ದರು. ಕುಣಿಯುವವಳು ಬಂದರೆ ಮುಖ ಸಿಂಡರಿಸುತ್ತಿದ್ದರು. ಮನೆಗಳೂ ಬದಲಾದವು. ಕುಟುಂಬಗಳು ಪಾಲಾದವು, ಮದುವೆಯಾದ ಹುಡುಗಿಯರು ಗಂಡನ ಮನೆಗೆ ಹೋಗಿ ಇರುವುದು ಎಲ್ಲರಲ್ಲೂ ಬಂತು. ಪಿಚ್ಚರು ಮನೆಯ ಹಾಗೆ ಆಯಿತೋ, ಮನೆ ಪಿಚ್ಚರಿನ ಹಾಗೆ ಆಯಿತೋ, ನನಗೆ ಗೊತ್ತಿಲ್ಲ. ನಾನು ಗೇಟಿನವಳು.

ಲೀಲಕ್ಕನ ಕುಟುಂಬವೂ ಪಾಲಾಯಿತು. ನರಿಕೊಂಬಿನ ಹಳೆಯ ಮನೆಯನ್ನು ಅವಳು ಹಟ ಹಿಡಿದು ತನ್ನ ಪಾಲಿಗೆ ಉಳಿಸಿಕೊಂಡಳು. ವಾರಿಜಳನ್ನು ಮೂಡಬಿದ್ರೆಗೆ ಮದುವೆ ಮಾಡಿ ಕೊಟ್ಟಳು.

ಮರುವರ್ಷ ಮೂಡಬಿದ್ರೆಯಲ್ಲಿ ನಮ್ಮ ಟೆಂಟು ಇದ್ದಾಗ ಆ ಕರವಸ್ತ್ರದ ಪಿಚ್ಚರು ತಿರುಗಿ ಬಂತು. ಅದೇ ಹಳೆಯ ಪ್ರಿಂಟು, ಮೈಯೆಲ್ಲ ಗೀರು ಬಿದ್ದು ಪಿಚ್ಚರಿನ ಮನೆಯೊಳಗೂ ಮಳೆ ಬಂದ ಹಾಗೆ ಕಾಣುತ್ತಿತ್ತು. ಮಧ್ಯಾಹ್ನ ಲೀಲಕ್ಕ ಗೇಟಿಗೆ ಬಂದಳು. ಬಂಟ್ವಾಳದಿಂದ ಇಷ್ಟು ದೂರ ಪಿಚ್ಚರಿಗೆ ಬರುವವಳಲ್ಲ.

"ಎಂತ ಲೀಲಕ್ಕ?"

"ಆ ಹುಡುಗಿಯನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದೆ. ಇದು ಮೂರನೇ ಸಲ. ಬರುವುದಿಲ್ಲ ಅಂತಾಳೆ." ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರು. "ಅವನು ಮಾತೆತ್ತಿದರೆ ಹೊರಗೆ ಹೋಗು ಅಂತಾನೆ. ಕೈಯೂ ಮಾಡ್ತಾನೆ. ಇವಳು ಅಂಗಳದಲ್ಲಿ ನಿಲ್ತಾಳೆ, ಅವನು ಕರೆಯುವ ತನಕ. ಹೊಸಿಲು ದಾಟಿದರೆ ಒಳ್ಳೆ ಹೆಣ್ಣಲ್ಲ ಅಂತೆ. ನಮ್ಮಲ್ಲಿ ಇದು ಯಾರು ಹೇಳಿಕೊಟ್ಟದ್ದು ಸೇಸಕ್ಕ? ನನ್ನ ಅಮ್ಮ ಹೇಳಿದ್ದಾ, ನಾನು ಹೇಳಿದ್ದಾ?"

ನಾನು ಪರದೆಯ ಕಡೆ ನೋಡಿದೆ. ಅವಳೂ ನೋಡಿದಳು.

"ಇವತ್ತಿನದ್ದು ಅದೇ ಪಿಚ್ಚರು" ಎಂದೆ.

"ಗೊತ್ತುಂಟು. ಅವಳ ಅತ್ತೆಯೇ ಕಳಿಸ್ತಾಳೆ. ಪತಿವ್ರತೆಯ ಪಿಚ್ಚರು, ನೋಡಿ ಬರಲಿ, ಬುದ್ಧಿ ಬರ್ತದೆ ಅಂತ. ನಾಳೆ ಬೆಳಗ್ಗೆ ನಾನು ಹೋಗಬೇಕು. ಇವತ್ತು ಬಾರದಿದ್ರೆ ಅವಳು ಇನ್ನು ಬರುವುದಿಲ್ಲ."

ಸಂಜೆ ವಾರಿಜ ತಾಯಿಯ ಜೊತೆ ಬಂದಳು. ನನ್ನನ್ನು ನೋಡಿ ನಕ್ಕಳು. ಒಂದು ಕಿವಿಯ ಹತ್ತಿರ ಊದಿಕೊಂಡದ್ದನ್ನು ಕೂದಲಿನಿಂದ ಮುಚ್ಚಿದ್ದಳು. ಮೊದಲಿನ ಹಾಗೆಯೇ ಇಬ್ಬರೂ ನನ್ನ ಕಂಬದ ಬುಡದಲ್ಲಿ ಕೂತರು.

ಹೊರಗೆ ಹಾಕುವ ಜಾಗ ಬಂತು. ಅವನು ಕೈಯೆತ್ತಿದ, ಅವಳು ತುಳಸಿಕಟ್ಟೆಯ ಹತ್ತಿರ ನಿಂತಳು. ಹೆಂಗಸರ ಬದಿ ಪೂರ್ತಿ ಮುಸುಮುಸು. ವಾರಿಜ ಸೆರಗು ಬಾಯಿಗೆ ತುರುಕಿ ಅಳುತ್ತಿದ್ದಳು. ಯಾರೂ ಏನೂ ಕೇಳಲಿಲ್ಲ.

ಲೀಲಕ್ಕ ಎದ್ದು ನಿಂತಳು. "ಸೇಸಕ್ಕ, ಯಾರ ಮನೆ ಅದು?"

"ಶ್! ಕೂತ್ಕೊಳ್ಳಿ, ಕಾಣುವುದಿಲ್ಲ" ಎಂದಳು ಹಿಂದಿನ ಒಬ್ಬ ಹುಡುಗಿ.

"ಗಂಡನದ್ದು" ಎಂದೆ. ಅದು ಪಿಚ್ಚರಿನಲ್ಲಿ ಇದ್ದದ್ದೇ.

"ಅವಳಿಗೆ ಅಮ್ಮನ ಇಲ್ಲ್ ಇಲ್ಲವಾ?"

ಟೆಂಟಿನ ಬಾಗಿಲ ಹತ್ತಿರ ಧಣಿಗಳು ನಿಂತಿದ್ದದ್ದು ನನಗೆ ಕಾಣುತ್ತಿತ್ತು. ಪಿಚ್ಚರಿನಲ್ಲಿ ಹೇಳ್ಲಿಲ್ಲ ಎಂದರೆ ನನ್ನ ಕೆಲಸ ಉಳಿಯುತ್ತದೆ. ಲೀಲಕ್ಕ ಕೂರಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ಮಗಳ ನೆತ್ತಿಯನ್ನು.

"ಉಂಟು ಮಾರಾಯ್ತಿ!" ಎಂದೆ. ತಟ್ಟಿಯ ಆಚೆಗೂ ಕೇಳುವ ನನ್ನ ಹಳೆಯ ಗಂಟಲಿನಲ್ಲೇ ಎಂದೆ. "ಬಾಗಿಲು ತೆರೆದೇ ಉಂಟು. ಪಿಚ್ಚರಿನಲ್ಲಿ ತೋರಿಸ್ಲಿಲ್ಲ, ಅಷ್ಟೇ."

ಮುಂದಿನ ಸಾಲಿನ ಮುದುಕಿಯೊಬ್ಬಳು, "ಹಾಗೆ ಹೇಳು!" ಎಂದು ತೊಡೆಗೆ ಬಡಿದುಕೊಂಡಳು. ಇನ್ನೊಬ್ಬಳು, "ಹೊರಡು ಮಗಾ, ಬಸ್ಸು ಹೋಗ್ತದೆ" ಎಂದಳು. ನಾಲ್ಕು ಮಂದಿ ನಕ್ಕರು, ಮತ್ತೆ ಹತ್ತು ಮಂದಿ. ಮೂಗು ಸೀಟುತ್ತಿದ್ದ ಹುಡುಗಿಯರಲ್ಲೂ ಒಬ್ಬಿಬ್ಬರು ಕಿಸಕ್ಕೆಂದರು. ವಾರಿಜ ನಗಲಿಲ್ಲ. ಅಳು ನಿಂತಿತ್ತು. ಪಿಚ್ಚರು ಮುಗಿಯುವ ತನಕ ಪರದೆಯನ್ನು ನೋಡಲಿಲ್ಲ, ಹೊಯಿಗೆಯಲ್ಲಿ ಬೆರಳು ಆಡಿಸುತ್ತಾ ಕೂತಳು.

ಹೊರಡುವಾಗ ಗೇಟಿನಲ್ಲಿ ವಾರಿಜ ನನ್ನ ಹತ್ತಿರ ನಿಂತು ಕೇಳಿದಳು, "ಸೇಸಕ್ಕ, ಅವಳಿಗೆ ನಿಜವಾಗಿಯೂ ಅಮ್ಮನ ಮನೆ ಉಂಟಾ?"

"ಪಿಚ್ಚರಿನವಳದ್ದು ನನಗೆಂತ ಗೊತ್ತು? ನರಿಕೊಂಬಿನಲ್ಲಿ ಒಂದು ಉಂಟು. ಅದು ನಾನು ನೋಡಿದ್ದೇನೆ. ಮಳೆ ಬಂದ್ರೆ ಮಾಡು ಸೋರ್ತದೆ."

"ಈ ಸಲ ಹಂಚು ಹಾಕಿಸಿದ್ದೇನೆ" ಎಂದಳು ಲೀಲಕ್ಕ ಸಿಟ್ಟಿನಿಂದ.

ಮರುದಿನ ನಾನು ಗಂಟು ಕಟ್ಟಿ ತಯಾರಾಗಿ ಕೂತಿದ್ದೆ. ಧಣಿಗಳು ಬಂದರು.

"ನಿನ್ನೆ ಪಿಚ್ಚರಿನಲ್ಲಿ ಇಲ್ಲದ್ದು ಹೇಳಿದಿ."

"ತೋರಿಸ್ಲಿಲ್ಲ ಅಂತ ಹೇಳಿದೆ ಧಣಿ. ತೋರಿಸಿದ್ದಾರಾ?"

ಅವರು ಆಚೆ ಹೋಗಿ ಎಲೆ ಉಗುಳಿ ಬಂದರು. "ಆ ಹುಡುಗಿ?"

"ಬೆಳಗ್ಗಿನ ಬಸ್ಸಿಗೆ ಹೋದಳು. ತಾಯಿಯ ಜೊತೆ. ಟ್ರಂಕು ಸಮೇತ."

"ಆ ಗಂಟು ಎಂತದ್ದು? ಬಿಚ್ಚಿ ಒಳಗೆ ಇಡು. ಜನ ಕರೆಯುವ ರೆಕಾರ್ಡು ಹಾಕ್ಲಿಕ್ಕೆ ಹೊತ್ತಾಯ್ತು" ಎಂದು ಹೋದರು. ಮುಂದೆ ಆ ವಿಷಯ ಎತ್ತಲಿಲ್ಲ. ಕೆಲವು ವರ್ಷಗಳಲ್ಲಿ ಹಂಚಿನ ಮಾಡಿನ ಥಿಯೇಟರುಗಳು ಬಂದು ಟೆಂಟು ನಿಂತಿತು, ನನ್ನ ಕೆಲಸವೂ ನಿಂತಿತು.

ಮೊಮ್ಮಗಳಿಗೆ ಬುದ್ಧಿ ಹೇಳುವುದು ಹೆಚ್ಚೇನಿಲ್ಲ. ಮಾತು ಕೂರಿಸುವಾಗ ಅವಳು ಪಿಚ್ಚರಿನಲ್ಲಿ ಇದ್ದದ್ದನ್ನೇ ಹೇಳಬೇಕಾದೀತು, ಸಂಬಳ ಅದಕ್ಕೇ ಕೊಡುವುದು. ತೋರಿಸದೆ ಬಿಟ್ಟದ್ದು ಯಾವುದು ಎಂದಾದರೂ ಅವಳಿಗೆ ಗೊತ್ತಿರಬೇಕು.

ವಾರಿಜ ಆಮೇಲೆ ಬೀಡಿ ಕಟ್ಟಿ ಎರಡು ಮಕ್ಕಳನ್ನು ಸಾಕಿದಳು. ಗಂಡ ಕೆಲವು ವರ್ಷ ಅಲ್ಲಿಗೆ ಬಂದು ಹೋಗುತ್ತಿದ್ದ, ಮತ್ತೆ ಬರುವುದನ್ನು ನಿಲ್ಲಿಸಿದ. ಕಳೆದ ತಿಂಗಳು ನರಿಕೊಂಬಿನ ಆ ಮನೆಗೆ ಹೋಗಿದ್ದೆ. ಅವಳಿಗೂ ಈಗ ಕೂದಲು ಬೆಳ್ಳಗಾಗಿದೆ. ಟೀವಿಯ ಧಾರಾವಾಹಿಯಲ್ಲಿ ಒಬ್ಬಳು ತಲೆಗೆ ಸೆರಗು ಹೊದ್ದು ದೇವರ ಪಟದ ಎದುರು ನಿಂತಿದ್ದಳು. ವಾರಿಜ ನನಗೆ ಚಾ ಕೊಡುವುದನ್ನೂ ಮರೆತು ಅದರ ಎದುರು ಕೂತು ಗಳಗಳ ಅಳುತ್ತಿದ್ದಳು.

ಅಳಲಿ. ಅವಳ ಮನೆಯಲ್ಲಿ ಕೂತು ಅಳುತ್ತಾಳೆ.